ಬುಧವಾರದ ಫೋಟೋ

ಶಿಕಾಗೋ
ಜುಲೈ ಕೊನೆಯ ವಾರ

ಪ್ರೀತಿಯ ಅಮ್ಮನಿಗೆ,

ನಮಸ್ಕಾರ. ನಾವೆಲ್ಲ ಕ್ಷೇಮ. ಅಲ್ಲೂ ಎಲ್ಲರೂ ಕ್ಷೇಮ ಅಂದುಕೊಂಡಿದ್ದೇನೆ. ನಿನ್ನ ಕಾಗದ ತಲುಪಿತು. ವಾಟ್ಸಾಪಿನಲ್ಲಿ ಉತ್ತರ ಹಾಕೋಣ ಅಂದರೆ ಫೋನು ಸದಾ ಅಪ್ಪನ ಕೈಯಲ್ಲಿ. ಕಾಲ್ ಮಾಡಿದರೆ ಸ್ಪೀಕರ್ ಹಾಕುತ್ತಾರೆ. ಅದಕ್ಕೇ ನಾನೂ ಕಾಗದವನ್ನೇ ಬರೆಯುತ್ತಿದ್ದೇನೆ. ಪೋಸ್ಟ್‌ಮ್ಯಾನ್ ಬರುವ ಹೊತ್ತಿಗೆ ಅಪ್ಪ ಮಲಗಿರುತ್ತಾರಲ್ಲ.

ನೀನು ಪೊಲೀಸ್ ಇಲಾಖೆಯಲ್ಲಿ ಇರಬೇಕಿತ್ತು ಅಮ್ಮ. ಡೈನೋಸಾರ್ ಮುಂದೆ ಮಕ್ಕಳು ನಿಂತ ಫೋಟೋ ನೋಡಿ ಎಲ್ಲರೂ 'ಎಷ್ಟು ಉದ್ದ ಆಗಿದ್ದಾರೆ' ಅಂದರು. ನೀನು ಮಾತ್ರ ಮೂಲೆಯಲ್ಲಿ ಬ್ಯಾಗ್ ಹಿಡಿದು ನಿಂತ ಅಳಿಯಂದಿರನ್ನು ನೋಡಿದೆ. ತಾರೀಖು ನೋಡಿದೆ. ಕ್ಯಾಲೆಂಡರ್ ತಿರುವಿದೆ. 'ಅವಳಿಗೆ ಬುಧವಾರ ರಜೆ ಸರಿ, ಅವರಿಗೆ ಆಫೀಸು ಇಲ್ವಾ?' ಅಂತ ಕೇಳಿದೆ. ಅದರ ಕೆಳಗೇ 'ವಾರವಾರ ಮ್ಯೂಸಿಯಂ ಸುತ್ತೋಕೆ ದುಡ್ಡು ಹೆಚ್ಚಾಯ್ತಾ' ಅಂತಲೂ ಬರೆದಿದ್ದೀಯ. ದುಡ್ಡು ಇಲ್ಲ ಅಂತಲೂ ಚಿಂತೆ, ಜಾಸ್ತಿ ಆಯ್ತು ಅಂತಲೂ ಚಿಂತೆ. ಯಾವುದಾದರೂ ಒಂದು ಇಟ್ಟುಕೋ.

ಮೊದಲು ದುಡ್ಡಿನದು ಮುಗಿಸುತ್ತೇನೆ. ಒಳಗೆ ಹೋಗೋಕೆ ಒಂದು ಡಾಲರೂ ಕೊಟ್ಟಿಲ್ಲ. ಇಲ್ಲಿ ಇಲಿನಾಯ್ ರಾಜ್ಯದಲ್ಲಿ ಒಂದು ಕಾನೂನಿದೆ. ನಗರದ ಪಾರ್ಕ್ ಜಾಗದಲ್ಲಿರುವ ಮ್ಯೂಸಿಯಂಗಳು ವರ್ಷಕ್ಕೆ 52 ದಿನ ರಾಜ್ಯದ ಜನರನ್ನು ಪುಕ್ಕಟೆ ಒಳಗೆ ಬಿಡಬೇಕು. ನೀನು ಫೋಟೋದಲ್ಲಿ ನೋಡಿದ ಫೀಲ್ಡ್ ಮ್ಯೂಸಿಯಂನವರು ಅದಕ್ಕೆ ಬುಧವಾರ ಇಟ್ಟಿದ್ದಾರೆ. ಬಾಗಿಲಲ್ಲಿ ಡ್ರೈವಿಂಗ್ ಲೈಸೆನ್ಸ್ ತೋರಿಸಿ ಇಲ್ಲಿನ ವಿಳಾಸ ಇದೆ ಅಂತ ಖಾತ್ರಿ ಮಾಡಿದರೆ ಆಯ್ತು. ಹೊರರಾಜ್ಯದಿಂದ ಬಂದ ನಾಲ್ಕು ಜನರ ಸಂಸಾರಕ್ಕೆ ನೂರು ಡಾಲರ್ ಹತ್ತಿರ ಆಗುತ್ತೆ, ಗೊತ್ತಾ? ಹಾಗಂತ ಯಾರೋ ಕನಿಕರಪಟ್ಟು ಕೊಟ್ಟದ್ದು ಅಂತ ತಿಳಿಯಬೇಡ. ಇಷ್ಟು ವರ್ಷ ಇಲ್ಲಿ ತೆರಿಗೆ ಕಟ್ಟಿದ್ದೇವೆ. ಕ್ಯೂನಲ್ಲಿ ನಮ್ಮ ಮುಂದಿದ್ದ ಹೆಂಗಸಿನ ಮಗುವಿನ ಗಾಡಿಯ ಬೆಲೆಗೆ ಒಂದು ಫ್ರಿಜ್ ಬರುತ್ತೆ. ಅವರೂ ಬುಧವಾರಕ್ಕೇ ಕಾದು ಬಂದಿದ್ದರು.

ಖರ್ಚು ಇರೋದು ಒಳಗೆ. ಸ್ಪೆಷಲ್ ಎಕ್ಸಿಬಿಷನ್ನಿಗೆ ಬೇರೆ ಟಿಕೆಟ್. 3ಡಿ ಸಿನಿಮಾಗೆ ಬೇರೆ ಟಿಕೆಟ್. ಅದರ ಬಾಗಿಲ ಹತ್ತಿರವೇ ಅಭಿ ಗಟ್ಟಿಯಾಗಿ ನಿಂತುಬಿಡುತ್ತಾನೆ. ಹೊರಗೆ ಬರುವಾಗ ಗಿಫ್ಟ್ ಶಾಪ್. ಚಿನ್ನುವಿನ ಕಣ್ಣು ಮುಚ್ಚಿ ಎತ್ತಿಕೊಂಡು ದಾಟಿಸುವುದೇ ಒಂದು ಕೆಲಸ. ಪಾರ್ಕಿಂಗ್ ರೇಟು ಕೇಳಿದರೆ ಕಾರೇ ಮಾರಬೇಕು ಅನಿಸುತ್ತೆ, ಅದಕ್ಕೆ ಬಸ್ಸಿನಲ್ಲಿ ಹೋಗುತ್ತೇವೆ. ಏಳು ವರ್ಷದೊಳಗಿನವರಿಗೆ ಬಸ್ಸೂ ಫ್ರೀ. ಚಿತ್ರಾನ್ನದ ಡಬ್ಬಿ ತೆಗೆದುಕೊಂಡು ಹೋಗಿ, ಮಿಶಿಗನ್ ಸರೋವರದ ದಡದಲ್ಲಿ ಹುಲ್ಲಿನ ಮೇಲೆ ಕೂತು ತಿನ್ನುತ್ತೇವೆ. ಅದು ಸರೋವರ ಅಂತ ಹೆಸರಿಗೆ, ಆಚೆ ದಡ ಕಾಣಿಸಲ್ಲ.

ಇನ್ನೊಂದು ಕೇಳು, ನಿನಗೆ ನಗು ಬರುತ್ತೆ. ಇಲ್ಲಿಯ ಲೈಬ್ರರಿಯಲ್ಲಿ ಪುಸ್ತಕ ಕೊಡುವ ಹಾಗೆ ಮ್ಯೂಸಿಯಂ ಪಾಸನ್ನೂ ಎರವಲು ಕೊಡುತ್ತಾರೆ. ಮಕ್ಕಳಿರುವ ಮನೆಯವರು ಕಾರ್ಡ್ ತೋರಿಸಿ ತೆಗೆದುಕೊಂಡು ಹೋಗಬಹುದು. ಪುಸ್ತಕದ ಹಾಗೇ ವಾಪಸ್ಸೂ ಕೊಡಬೇಕು. ಆದರೆ ರಜೆಯಲ್ಲಿ ಆ ಪಾಸು ಸಿಗಬೇಕಲ್ಲ! ನಾವು ಕೇಳಿದಾಗೆಲ್ಲ ಬೇರೆ ಯಾರೋ ಒಯ್ದಿರುತ್ತಾರೆ. ಲಿಂಕನ್ ಪಾರ್ಕ್ ಝೂಗೆ ಮಾತ್ರ ಈ ರಗಳೆ ಇಲ್ಲ, ವರ್ಷವಿಡೀ ಎಲ್ಲರಿಗೂ ಬಿಟ್ಟಿ.

ಅಪ್ಪನಿಗೆ ಹೇಳು, ಆರ್ಟ್ ಇನ್‌ಸ್ಟಿಟ್ಯೂಟ್ ಅಂತ ಇಲ್ಲಿನ ಕಲಾ ಮ್ಯೂಸಿಯಂಗೂ ಹೋಗಿದ್ವಿ. ಅಲ್ಲಿ 14 ವರ್ಷದೊಳಗಿನ ಮಕ್ಕಳಿಗೆ ಯಾವತ್ತೂ ದುಡ್ಡಿಲ್ಲ, ದೊಡ್ಡವರಿಗೆ ಕೆಲವು ದಿನ ಇಲ್ಲ. 1893ರ ಸೆಪ್ಟೆಂಬರ್ 11ರಂದು ವಿವೇಕಾನಂದರು ಭಾಷಣ ಮಾಡಿದ್ದು ಇದೇ ಕಟ್ಟಡದಲ್ಲಿ. ಆಗಿನ ಆ ಸಭಾಂಗಣ ಈಗಿಲ್ಲ. ಮುಂದಿನ ರಸ್ತೆಯಲ್ಲಿ ಮಾತ್ರ 'ಸ್ವಾಮಿ ವಿವೇಕಾನಂದ ವೇ' ಅಂತ ಬೋರ್ಡು ಇದೆ. ನಾನು ಮಕ್ಕಳನ್ನು ಅದರ ಕೆಳಗೆ ನಿಲ್ಲಿಸಿ ಕೈ ಮುಗಿಸಿದೆ. ಪಕ್ಕದಲ್ಲಿ ಹೋಗುತ್ತಿದ್ದವರು ಬಸ್ ಸ್ಟಾಪ್ ಇರಬೇಕು ಅಂತ ತಾವೂ ತಲೆ ಎತ್ತಿ ನೋಡಿದರು. ಬಾಗಿಲಲ್ಲಿ ಎರಡು ಕಂಚಿನ ಸಿಂಹಗಳಿವೆ. ಚಿನ್ನು ಅವುಗಳ ಹತ್ತಿರದಿಂದ ಅಲ್ಲಾಡಲಿಲ್ಲ.

ಅಮ್ಮ, ಅಪ್ಪನಿಗೆ ಇಲ್ಲಿವರೆಗೆ ಓದಿ ಹೇಳು. ಮುಂದಿನ ಹಾಳೆ ಬೇಡ.

ಇವರ ಕಂಪನಿಯಲ್ಲಿ ಜೂನ್ ಮೊದಲಲ್ಲೇ ಜನರನ್ನು ತೆಗೆದರು. ಒಂದು ಬೆಳಿಗ್ಗೆ ಇಡೀ ಟೀಮಿಗೆ ಮೇಲ್ ಬಂತು. ಇವರು ಕಾಫಿ ಕುಡಿದು ಮುಗಿಸುವಷ್ಟರಲ್ಲಿ ಲ್ಯಾಪ್‌ಟಾಪ್ ಲಾಕ್ ಆಯ್ತು. ಕೆಲಸ ಬರದವರನ್ನು ತೆಗೆದದ್ದಲ್ಲ ಅಮ್ಮ, ಇವರ ಮೇಲಿನವರೂ ಹೋದರು. ಇಲ್ಲಿ ಇದು ಮಾಮೂಲು. ನಮ್ಮ ಬೀದಿಯಲ್ಲೇ ಇನ್ನೂ ಇಬ್ಬರಿಗೆ ಹೀಗೆ ಆಗಿದೆ. ಕಂಪನಿಯವರು ಕೆಲವು ತಿಂಗಳ ಸಂಬಳ ಕೊಟ್ಟು ಕಳಿಸಿದ್ದಾರೆ. ಗ್ರೀನ್ ಕಾರ್ಡ್ ಬಂದಾಗಿರುವುದರಿಂದ ಊರು ಬಿಡಿ ಅಂತ ಯಾರೂ ಹೇಳಲ್ಲ. ನನ್ನ ಫಾರ್ಮಸಿ ಕೆಲಸ ಗಟ್ಟಿ ಇದೆ. ಆಸ್ಪತ್ರೆ ಇನ್ಶೂರೆನ್ಸ್ ನನ್ನ ಕಡೆಯಿಂದಲೇ ಇರೋದು. ಅಕ್ಕಿ ಮೂಟೆ ಮೊನ್ನೆ ತಂದೆವು. ಎಲ್ಲ ಸರಿ ಇದೆ. ನಿಜವಾಗ್ಲೂ ಸರಿ ಇದೆ.

ಇವರದೇ ಸ್ವಲ್ಪ ಯೋಚನೆಯಾಗಿತ್ತು. ಮೊದಮೊದಲು ಬೆಳಿಗ್ಗೆ ಎಂಟಕ್ಕೇ ಇಸ್ತ್ರಿ ಶರ್ಟ್ ಹಾಕಿಕೊಂಡು ಊಟದ ಮೇಜಿನ ಮುಂದೆ ಕೂರುತ್ತಿದ್ದರು. ಆಮೇಲೆ ಶರ್ಟೂ ಹೋಯ್ತು, ಗಡ್ಡ ಬಂತು. ಮಕ್ಕಳು ಮನೆಯೊಳಗೆ ಮೆಲ್ಲಗೆ ನಡೆಯೋಕೆ ಶುರು ಮಾಡಿದರು. ಅದು ನೋಡೋಕೆ ಆಗದೆ ನಾನೇ ಎಬ್ಬಿಸಿ ಮ್ಯೂಸಿಯಂಗೆ ಹೊರಡಿಸಿದ್ದು. ಬಿಟ್ಟಿ ದಿನ ಅಂದಮೇಲೆ ಇವರೂ ಬೇಡ ಅನ್ನೋಕೆ ಕಾರಣ ಸಿಗಲಿಲ್ಲ.

ಫೀಲ್ಡ್ ಮ್ಯೂಸಿಯಂನಲ್ಲಿ ಗಾಜಿನೊಳಗೆ ಎರಡು ಸಿಂಹಗಳಿವೆ. ಗಂಡು ಸಿಂಹಗಳೇ, ಆದರೆ ಕೇಸರ ಇಲ್ಲ. 1898ರಲ್ಲಿ ಕೀನ್ಯಾದ ತ್ಸಾವೊ ನದಿಗೆ ರೈಲು ಸೇತುವೆ ಕಟ್ಟುವಾಗ ರಾತ್ರಿ ಡೇರೆಯಿಂದ ಕೂಲಿಯವರನ್ನು ಎಳೆದುಕೊಂಡು ಹೋಗಿ ತಿನ್ನುತ್ತಿದ್ದವಂತೆ. ಕೂಲಿಯವರು ಯಾರು ಗೊತ್ತಾ? ಎಷ್ಟೋ ಜನ ನಮ್ಮವರು, ಇಂಡಿಯಾದಿಂದ ಹಡಗಿನಲ್ಲಿ ಕರೆದುಕೊಂಡು ಹೋದವರು. ಸಿಂಹಗಳನ್ನು ಕೊಂದ ಪ್ಯಾಟರ್ಸನ್ ಸಾಹೇಬ 135 ಜನರನ್ನು ತಿಂದವು ಅಂತ ಹೇಳಿಕೊಂಡ. 2009ರಲ್ಲಿ ವಿಜ್ಞಾನಿಗಳು ಅವುಗಳ ಮೂಳೆ, ಕೂದಲು ಪರೀಕ್ಷೆ ಮಾಡಿ 35ರ ಆಸುಪಾಸು ಅಂದರು. ಸಾಹೇಬ ಚರ್ಮಗಳನ್ನು ವರ್ಷಗಟ್ಟಲೆ ಮನೆಯಲ್ಲಿ ನೆಲಕ್ಕೆ ಹಾಸಿಕೊಂಡಿದ್ದ. ಆಮೇಲೆ 5,000 ಡಾಲರಿಗೆ ಮ್ಯೂಸಿಯಂಗೆ ಮಾರಿದ. ಹಾಸೋಕೆ ಅಂತ ಅಂಚು ಕತ್ತರಿಸಿದ ಚರ್ಮ ನೋಡು, ಅದಕ್ಕೇ ಈಗ ನಿಜವಾದ ಅಳತೆಗಿಂತ ಚಿಕ್ಕದಾಗಿ ಕಾಣುತ್ತವೆ.

ಇದನ್ನೆಲ್ಲ ಇವರು ಓದಿ ಓದಿ ಕನ್ನಡದಲ್ಲಿ ಹೇಳುತ್ತಿದ್ದರು. ಅಭಿ, 'ಆಮೇಲೆ ಕೂಲಿಯವರು ಏನು ಮಾಡಿದರು?' ಅಂದ. 'ಕೆಲಸ ಬಿಟ್ಟು ಓಡಿದರು. ವಾರಗಟ್ಟಲೆ ಸೇತುವೆ ನಿಂತೇ ಹೋಯ್ತು' ಅಂದರು ಇವರು. 'ನಿಮ್ಮ ಆಫೀಸಿಗೂ ಸಿಂಹ ಬಂತಾ ಅಪ್ಪ?' ಅಂತ ಕೇಳಿಬಿಟ್ಟ ಇವನು. ನನಗೆ ಎದೆ ಧಸಕ್ಕೆಂದಿತು. ಇವರು ಒಂದು ಕ್ಷಣ ಅವನನ್ನೇ ನೋಡಿ ಜೋರಾಗಿ ನಕ್ಕರು ಅಮ್ಮ. 'ಬಂತು ಮರಿ, ಸೂಟು ಹಾಕಿಕೊಂಡು ಬಂತು' ಅಂದರು. ಹಿಂದೆ ನಿಂತಿದ್ದವರು ತಿರುಗಿ ನೋಡುವಷ್ಟು ನಗು. ಇಬ್ಬರೂ ಅದನ್ನೇ ಹೇಳಿಕೊಂಡು ಬಸ್ಸಿನವರೆಗೂ ನಕ್ಕರು.

ನೀನು ನೋಡಿದ ಡೈನೋಸಾರ್ ಹೆಸರು ಸೂ. ಅದನ್ನು 1990ರಲ್ಲಿ ಹುಡುಕಿದ ಹೆಂಗಸಿನ ಹೆಸರನ್ನೇ ಇಟ್ಟಿದ್ದಾರೆ. ಅದು ಗಂಡೋ ಹೆಣ್ಣೋ ಯಾರಿಗೂ ಗೊತ್ತಿಲ್ಲ. 1997ರಲ್ಲಿ ಹರಾಜಿನಲ್ಲಿ 83 ಲಕ್ಷ ಡಾಲರಿಗೂ ಮೇಲೆ ಕೊಟ್ಟು ಕೊಂಡರಂತೆ, ಬರ್ಗರ್ ಮಾರುವ ಮೆಕ್‌ಡೊನಾಲ್ಡ್ಸ್‌ನವರೂ ದುಡ್ಡು ಹಾಕಿದ್ದಾರೆ. ನಿಜವಾದ ತಲೆಬುರುಡೆ ಭಾರ ಅಂತ ಬೇರೆ ಇಟ್ಟಿದ್ದಾರೆ, ಮೈಮೇಲಿರೋದು ನಕಲು. ಅದರ ಪಕ್ಕೆಲುಬುಗಳು ಮುರಿದು ಮತ್ತೆ ಕೂಡಿಕೊಂಡಿವೆ. ಕೂಡಿದ ಕಡೆ ಗಂಟು ಗಂಟಾಗಿದೆ. ಇವರು ಅಲ್ಲಿ ತುಂಬಾ ಹೊತ್ತು ನಿಂತಿದ್ದರು. ನಾನು ಏನೂ ಕೇಳಲಿಲ್ಲ.

ಈಗ ಇವರು ಮತ್ತೆ ಅರ್ಜಿ ಹಾಕುತ್ತಿದ್ದಾರೆ. ಎರಡು ಕಡೆ ಇಂಟರ್‌ವ್ಯೂ ನಡೆದಿದೆ, ಒಂದು ಕಡೆಯವರು ಮತ್ತೆ ಕರೆದಿದ್ದಾರೆ. ಶಾಲೆ ಶುರುವಾಗುವ ಹೊತ್ತಿಗೆ ಏನಾದರೂ ಆಗುತ್ತೆ. ಆಗದಿದ್ದರೂ ನಡೆಯುತ್ತೆ, ಲೆಕ್ಕ ಹಾಕಿಟ್ಟಿದ್ದೇನೆ.

ಎಫ್‌ಡಿ ಮುರಿಸಿ ಕಳಿಸುತ್ತೇನೆ ಅಂತ ಬರೆದಿದ್ದೀಯಲ್ಲ, ಅದನ್ನು ಮಾತ್ರ ಮುಟ್ಟಬೇಡ. ಅದು ಸುಮಿ ಮದುವೆಗೆ ಇಟ್ಟದ್ದು. ಅವಧಿಗೆ ಮುಂಚೆ ತೆಗೆದರೆ ಬಡ್ಡಿಯೂ ಕಡಿಮೆ ಆಗುತ್ತೆ. ಬ್ಯಾಂಕಿಗೆ ಹೋಗಿ ಸುಮ್ನೆ ಕೇಳಿಕೊಂಡು ಬರುತ್ತೇನೆ ಅಂತಲೂ ಹೋಗಬೇಡ, ಅಲ್ಲಿ ಅಪ್ಪನ ಸ್ನೇಹಿತರೇ ಕೂತಿರುತ್ತಾರೆ. ನಾವು ತಿಂಗಳು ತಿಂಗಳು ಕಳಿಸುವುದು ಈ ತಿಂಗಳೂ ಬರುತ್ತೆ, ಎರಡು ದಿನ ತಡ ಆಗಬಹುದು ಅಷ್ಟೇ. ಚಿಕ್ಕಮ್ಮನಿಗೆ ಹೇಳಬೇಡ. ನಮ್ಮ ಅತ್ತೆಗೂ ಇನ್ನೂ ಹೇಳಿಲ್ಲ, ಚಿಕ್ಕಮ್ಮನಿಗೆ ಗೊತ್ತಾದರೆ ಸಂಜೆಯೊಳಗೆ ಅವರಿಗೆ ಫೋನು ಹೋಗುತ್ತೆ. ಹರಕೆ ಹೊತ್ತಿದ್ದರೆ ಹೊತ್ತುಕೋ, ಬೇಡ ಅಂದರೂ ನೀನು ಕೇಳಲ್ಲ. ದೊಡ್ಡ ಹರಕೆ ಬೇಡ.

ಪೋಸ್ಟ್ ಆಫೀಸ್ ಐದಕ್ಕೆ ಮುಚ್ಚುತ್ತೆ, ಚಿನ್ನು ಬೇರೆ ಶೂ ಹಾಕಿಕೊಂಡು ಬಾಗಿಲಲ್ಲಿ ನಿಂತಿದ್ದಾಳೆ. ಅಪ್ಪನ ಬಿಪಿ ಮಾತ್ರೆ ತಪ್ಪಿಸಬೇಡ. ನೀನೂ ಮಂಡಿಗೆ ಎಣ್ಣೆ ಹಚ್ಚಿಕೋ. ಭಾನುವಾರ ಫೋನು ಮಾಡಿದಾಗ ಅಳಿಯಂದಿರ ಹತ್ತಿರ ಕೆಲಸದ ಮಾತು ಎತ್ತಬೇಡ, ಹುಳಿಪುಡಿ ಮುಗೀತಾ ಅಂತ ಕೇಳು ಸಾಕು. ಮುಗಿದಿದೆ.

ಇಂತಿ ನಿನ್ನ ಮಗಳು,
ರೂಪಾ