ಫೀಸು ಜಾಸ್ತಿ ಕೇಳಿದ್ದಕ್ಕೆ ಕೈಬಿಟ್ಟರು ಎಂದೆಯಲ್ಲ, ಅದರ ಬಗ್ಗೆ

ಪ್ರೀತಿಯ ಪುಟ್ಟಿಗೆ ಮಾವನ ಆಶೀರ್ವಾದಗಳು.

ನಿನ್ನ ಮೆಸೇಜ್ ಎರಡು ಸಲ ಓದಿದೆ. ಇಷ್ಟು ದಿನ ನೀನು ಒಂದೇ ಕಂಪನಿಗೆ ಮಿಸ್ಟರಿ ಶಾಪಿಂಗ್ ಮಾಡಿದೆ, ಅಂದರೆ ಸಾಮಾನ್ಯ ಗ್ರಾಹಕಳ ಹಾಗೆ ಅಂಗಡಿಗೆ ಹೋಗಿ, ಅಲ್ಲಿ ಕಂಡದ್ದನ್ನು ರಿಪೋರ್ಟ್ ಬರೆದು ಕೊಡುವ ಕೆಲಸ. ರಿಪೋರ್ಟುಗಳಿಗೆ ಒಳ್ಳೆಯ ರೇಟಿಂಗ್ ಬರುತ್ತಿತ್ತು. ಫೀಸು ಸ್ವಲ್ಪ ಜಾಸ್ತಿ ಮಾಡಿ ಎಂದು ಕೇಳಿದ ಮೇಲೆ ಕೆಲಸ ಬರುವುದೇ ನಿಂತಿತು. ಕೊನೆಗೆ ಲಾಗಿನ್ ಮಾಡಿದರೆ ಅಕೌಂಟೇ ಮುಚ್ಚಿದೆ. ಯಾರೂ ಒಂದು ಮಾತು ಹೇಳಲಿಲ್ಲ. "ಕೇಳಿದ್ದೇ ತಪ್ಪಾಯ್ತಾ ಮಾವ? ಕ್ಷಮಿಸಿ ಅಂತ ಬರೆದುಬಿಡಲಾ?" ಎಂದಿದ್ದೀಯ.

ಬರೆಯಬೇಡ. ನಿನ್ನ ಕೆಲಸಕ್ಕೆ ನೀನು ಬೆಲೆ ಹೇಳಿದ್ದೀಯ, ಅಷ್ಟೇ. ಅದಕ್ಕೆ ಯಾರ ಕ್ಷಮೆಯೂ ಬೇಕಿಲ್ಲ. ಆದರೆ ಅವರು ಹಾಗೆ ಯಾಕೆ ಮಾಡಿದರು ಎಂದು ನಿನಗೆ ಗೊತ್ತಿರಬೇಕು. ಇಂಥದೇ ಒಂದು ಏಜೆನ್ಸಿಯಲ್ಲಿ ಶೆಡ್ಯೂಲರ್ ಆಗಿ ಕೂತು ಕೆಲಸ ಹಂಚಿದವನು ನಾನು. ಆ ಕಡೆಯಿಂದ ಇದು ಹೇಗೆ ಕಾಣುತ್ತದೆ ಎಂದು ಹೇಳುತ್ತೇನೆ.

ಮೊದಲು ದುಡ್ಡಿನ ದಾರಿ ನೋಡು. ದೊಡ್ಡ ಬ್ರ್ಯಾಂಡಿನವರಿಗೆ ತಮ್ಮ ಮಳಿಗೆಗಳಲ್ಲಿ ಗ್ರಾಹಕರನ್ನು ಹೇಗೆ ಮಾತಾಡಿಸುತ್ತಾರೆ, ಎಷ್ಟು ಹೊತ್ತು ಕಾಯಿಸುತ್ತಾರೆ ಎಂದು ತಿಳಿಯಬೇಕು. ಅದಕ್ಕೆ ಏಜೆನ್ಸಿ ಜೊತೆ ಒಪ್ಪಂದ ಮಾಡಿಕೊಳ್ಳುತ್ತಾರೆ. ಇಷ್ಟು ಜಾಗ, ತಿಂಗಳಿಗೆ ಇಷ್ಟು ಭೇಟಿ, ಒಂದು ಭೇಟಿಗೆ ಇಷ್ಟು ದುಡ್ಡು. ಆ ದುಡ್ಡಿನಲ್ಲೇ ರಿಪೋರ್ಟು ಪರಿಶೀಲಿಸುವ ಎಡಿಟರ್ ಸಂಬಳ, ಶೆಡ್ಯೂಲರ್ ಖರ್ಚು, ಸಾಫ್ಟ್‌ವೇರ್ ಬಾಡಿಗೆ, ಏಜೆನ್ಸಿಯ ಲಾಭ ಎಲ್ಲ ಹೊರಡಬೇಕು. ಉಳಿದದ್ದು ನಿನ್ನ ಫೀಸು. ಕಾಂಟ್ರ್ಯಾಕ್ಟ್ ಹಿಡಿಯಲು ಕಡಿಮೆ ದರ ಹಾಕಿದ ಏಜೆನ್ಸಿ ಎಲ್ಲಿ ಕತ್ತರಿ ಆಡಿಸುತ್ತದೆ ಹೇಳು? ಸಂಬಳ ಕಡಿಮೆ ಮಾಡಿದರೆ ಎಡಿಟರ್ ಬಿಟ್ಟುಹೋಗುತ್ತಾನೆ. ಬಾಡಿಗೆ ಕಟ್ಟದಿದ್ದರೆ ಸಾಫ್ಟ್‌ವೇರ್ ನಿಲ್ಲುತ್ತದೆ. ಉಳಿದವಳು ನೀನು.

ಹಾಗಂತ ದುಡ್ಡೇ ಇರುವುದಿಲ್ಲ ಎಂದಲ್ಲ. ಶೆಡ್ಯೂಲರ್ ಹತ್ತಿರ ಬೋನಸ್‌ಗೆ ಅಂತ ಒಂದಿಷ್ಟು ತೆಗೆದಿಟ್ಟಿರುತ್ತಾರೆ. ಅದು ಹೊರಗೆ ಬರುವುದು ಭಯ ಹುಟ್ಟಿದಾಗ. ತಿಂಗಳ ಕೊನೆ ಹತ್ತಿರ ಬಂತು, ದೂರದ ಜಾಗವೊಂದು ಹಾಗೇ ಉಳಿದಿದೆ, ಭೇಟಿ ಆಗದಿದ್ದರೆ ಬ್ರ್ಯಾಂಡಿನವರು ಏಜೆನ್ಸಿಗೆ ದುಡ್ಡು ಕೊಡುವುದಿಲ್ಲ. ಆಗ ಹಿಂದಿನ ವಾರ ಯಾರೂ ಮುಟ್ಟದ ಅದೇ ಕೆಲಸಕ್ಕೆ ಫೀಸು ಏರಿಸುತ್ತಾರೆ. ಪ್ರಯಾಣದ ಖರ್ಚನ್ನೂ ಸೇರಿಸುತ್ತಾರೆ. ಕೆಲಸ ಅದೇ, ಮಾಡುವವಳೂ ನೀನೇ. ಬದಲಾದದ್ದು ಅವರ ಅವಸರ ಮಾತ್ರ. ಅವರು ಬೆಲೆ ಕಟ್ಟುವುದು ಖಾಲಿ ಉಳಿದ ಜಾಗಕ್ಕೆ. ನಿನ್ನ ರಿಪೋರ್ಟಿನ ಗುಣಕ್ಕೆ ಅಲ್ಲ. ಇದು ನಿನ್ನ ತಲೆಯಲ್ಲಿ ಕೂತರೆ ಅರ್ಧ ಬೇಸರ ಇಳಿಯುತ್ತದೆ.

ನೀನು ಕೇಳಿದ್ದು ತಿಂಗಳ ಮೊದಲ ವಾರ. ಅದೂ ಒಂದು ಕೆಲಸಕ್ಕಲ್ಲ, "ಇನ್ನು ಮುಂದೆ ಎಲ್ಲ ಕೆಲಸಕ್ಕೂ" ಎಂದು. ಜೊತೆಗೆ ಬೇರೆ ಕಂಪನಿ ಎಷ್ಟು ಕೊಡುತ್ತದೆ ಎಂಬ ಹೋಲಿಕೆ ಬೇರೆ. ನೀನು ಬರೆದದ್ದು ಸತ್ಯವೇ ಇರಬಹುದು. ಆದರೆ ಆ ಮೇಲ್ ಶೆಡ್ಯೂಲರ್ ಮಟ್ಟದಲ್ಲಿ ಉಳಿಯಲಿಲ್ಲ. ಎಲ್ಲ ಕೆಲಸಕ್ಕೂ ಫೀಸು ಏರಿಸುವ ಅಧಿಕಾರ ಅವರಿಗೆ ಇರುವುದಿಲ್ಲ. ಮೇಲಿನವರಿಗೆ ಕಳಿಸಿರುತ್ತಾರೆ. ಮೇಲಿನವರು ನಿನ್ನ ರಿಪೋರ್ಟ್ ಒಂದನ್ನೂ ಓದಿದವರಲ್ಲ. ಅವರ ಮುಂದೆ ಇದ್ದದ್ದು ಎರಡೇ ವಿಷಯ. ಈಕೆಗೆ ಏರಿಸಿದರೆ ಉಳಿದವರೂ ಕೇಳುತ್ತಾರೆ. ಹೊಸದಾಗಿ ಹೆಸರು ಬರೆಸಿದವರ ಪಟ್ಟಿ ಉದ್ದ ಇದೆ. ಒಂದು ಕ್ಲಿಕ್, ಮುಗಿಯಿತು. ಕೆಲವರು ಸಿಟ್ಟಿನಿಂದಲೂ ಮಾಡುತ್ತಾರೆ, ಇಲ್ಲ ಅನ್ನುವುದಿಲ್ಲ. ಆದರೆ ನಾನು ನೋಡಿದ ಮಟ್ಟಿಗೆ ಸಿಟ್ಟಿಗಿಂತ ಸೋಮಾರಿತನವೇ ಜಾಸ್ತಿ. ಮಾತುಕತೆ ಆಡುವುದಕ್ಕಿಂತ ಹೆಸರು ತೆಗೆಯುವುದು ಸುಲಭ, ಅಲ್ವಾ?

ಇದು ಅವರಿಗೇ ನಷ್ಟ. ಹೊಸಬರ ರಿಪೋರ್ಟು ಹೇಗಿರುತ್ತದೆ ಎಂದು ನನಗೆ ಗೊತ್ತು. ಒಳಗೆ ಹೋದ ಹೊತ್ತು ಬರೆದಿರುವುದಿಲ್ಲ. ಮಾತಾಡಿಸಿದ ನೌಕರರ ಹೆಸರು ಇರುವುದಿಲ್ಲ. ರಸೀದಿಯ ಫೋಟೋ ಅರ್ಧ ಕತ್ತರಿಸಿರುತ್ತದೆ. ಎಡಿಟರ್ ಪ್ರಶ್ನೆ ಕಳಿಸಿ, ಉತ್ತರ ಕಾದು, ಮತ್ತೆ ಕಳಿಸಿ, ಕೊನೆಗೆ ಭೇಟಿಯನ್ನೇ ಇನ್ನೊಬ್ಬರಿಂದ ಮಾಡಿಸಬೇಕಾಗುತ್ತದೆ. ಪಕ್ಕಾ ಬರೆಯುವವರನ್ನು ಬಿಟ್ಟು ಅಗ್ಗದವರನ್ನು ಹಿಡಿದರೆ ದುಡ್ಡು ಉಳಿಯುವುದು ಕಾಗದದ ಮೇಲೆ ಮಾತ್ರ. ಆದರೆ ಆ ನಷ್ಟ ಎಡಿಟಿಂಗ್ ಲೆಕ್ಕದಲ್ಲಿ ಸೇರಿಹೋಗುತ್ತದೆ, ನಿನ್ನ ಹೆಸರಿನ ಮುಂದೆ ಕಾಣುವುದಿಲ್ಲ. ಅದಕ್ಕೇ ಯಾರೂ ಪಾಠ ಕಲಿಯುವುದಿಲ್ಲ.

ಈಗ ನಿನ್ನ ಲೆಕ್ಕಕ್ಕೆ ಬರೋಣ. ನಿನ್ನ ಸಂಪಾದನೆ ಎಷ್ಟು ಎಂದು ಕೇಳಿದರೆ ಫೀಸು ಮತ್ತು ಅಂಗಡಿಯಲ್ಲಿ ನೀನು ಕೊಂಡದ್ದಕ್ಕೆ ಕಂಪನಿ ವಾಪಸ್ ಕೊಡುವ ದುಡ್ಡು ಎರಡನ್ನೂ ಕೂಡಿಸಿ ಹೇಳುತ್ತೀಯ. ಅದು ಸರಿಯಲ್ಲ. ನಿನ್ನ ಕೈಯಿಂದ ಹಾಕಿ ಕೊಂಡದ್ದರ ದುಡ್ಡು ವಾಪಸ್ ಬಂದರೆ ಅದು ಆದಾಯವಲ್ಲ. ಅದೂ ಒಂದೆರಡು ತಿಂಗಳು ಬಿಟ್ಟು ಬರುತ್ತದೆ. ಅಲ್ಲಿವರೆಗೆ ನೀನೇ ಕಂಪನಿಗೆ ಬಡ್ಡಿಯಿಲ್ಲದ ಸಾಲ ಕೊಟ್ಟ ಹಾಗೆ. ರಿಪೋರ್ಟ್ ತಿರಸ್ಕಾರವಾದರೆ ಎಷ್ಟೋ ಕಡೆ ಫೀಸೂ ಇಲ್ಲ, ಹಾಕಿದ ದುಡ್ಡೂ ಇಲ್ಲ. ಸಮಯದ ಲೆಕ್ಕವನ್ನೂ ಸರಿಯಾಗಿ ಇಡು. ಸೂಚನೆಗಳನ್ನು ಓದಿದ್ದು, ಪರೀಕ್ಷೆ ಬರೆದದ್ದು, ಹೋಗಿಬಂದದ್ದು, ಭೇಟಿ, ರಿಪೋರ್ಟ್, ಎಡಿಟರ್ ಪ್ರಶ್ನೆಗೆ ಉತ್ತರ. ಅರ್ಧ ಗಂಟೆಯ ಭೇಟಿ ಎಂದುಕೊಂಡದ್ದು ಮೂರು ಗಂಟೆಯ ಕೆಲಸ ಆಗಿರುತ್ತದೆ. ಬರೀ ಫೀಸಿನಲ್ಲಿ ಪ್ರಯಾಣದ ಖರ್ಚು ಕಳೆ. ಪ್ರಯಾಣದ ಖರ್ಚು ಕಳೆ. ಬಂದ ಅಂಕಿ ನೋಡಿದ ಮೇಲೆ, ನೀನು ಕೇಳಿದ್ದು ಜಾಸ್ತಿಯೋ ಕಡಿಮೆಯೋ ಎಂದು ನನ್ನನ್ನು ಕೇಳಬೇಕಾಗಿಲ್ಲ.

ಇದಕ್ಕಿಂತ ಕೆಳಗೆ ಹೋಗುವುದಿಲ್ಲ ಎಂಬ ಒಂದು ದರ ಇಟ್ಟುಕೋ. ಯಾರಿಗೂ ಹೇಳಬೇಡ. ಅದಕ್ಕಿಂತ ಕಡಿಮೆಯ ಕೆಲಸ ಕಂಡರೆ ಸುಮ್ನೆ ಮುಂದೆ ಹೋಗು. ಒಬ್ಬರೂ ತೆಗೆದುಕೊಳ್ಳದ ಕೆಲಸಕ್ಕೆ ದರ ತಾನಾಗಿಯೇ ಏರುತ್ತದೆ. ನೂರು ಮೇಲ್‌ಗಿಂತ ಅದು ಚೆನ್ನಾಗಿ ಕೆಲಸ ಮಾಡುತ್ತದೆ.

ಕೇಳಲೇಬೇಕು ಅನ್ನಿಸಿದಾಗ, ಒಂದು ಕೆಲಸಕ್ಕೆ ಮಾತ್ರ ಕೇಳು. ಒಪ್ಪಿಕೊಳ್ಳುವ ಮುಂಚೆ ಕೇಳು. ಇದು ಬಹಳ ಮುಖ್ಯ. ಒಪ್ಪಿಕೊಂಡು, ಕೊನೆಯ ದಿನಾಂಕದ ಹಿಂದಿನ ರಾತ್ರಿ "ಇಷ್ಟು ಕೊಟ್ಟರೆ ಹೋಗುತ್ತೇನೆ" ಎನ್ನುವವರನ್ನು ನಾನೂ ಪಟ್ಟಿಯಿಂದ ತೆಗೆದಿದ್ದೇನೆ. ಇವತ್ತು ಆ ಕುರ್ಚಿಯಲ್ಲಿ ಕೂತಿದ್ದರೂ ತೆಗೆಯುತ್ತೇನೆ. ಅದಕ್ಕೆ ಮಾತುಕತೆ ಅನ್ನುವುದಿಲ್ಲ, ಕುತ್ತಿಗೆ ಹಿಡಿಯುವುದು ಅನ್ನುತ್ತಾರೆ. ಶೆಡ್ಯೂಲರ್‌ಗೆ ಹೀಗೆ ಬರೆ: "ಈ ಜಾಗಕ್ಕೆ ಗುರುವಾರ ಹೋಗಬಲ್ಲೆ. ಅದೇ ದಾರಿಯಲ್ಲಿ ನಿಮ್ಮ ಇನ್ನೂ ಎರಡು ಭೇಟಿ ಖಾಲಿ ಕಾಣುತ್ತಿವೆ. ಮೂರೂ ಸೇರಿ ಇಷ್ಟು ಕೊಟ್ಟರೆ ಶುಕ್ರವಾರ ರಿಪೋರ್ಟ್ ಕಳಿಸುತ್ತೇನೆ." ಸಾಕು. ನಿನ್ನ ಕಷ್ಟ ಬರೆಯಬೇಡ. ಬೇರೆ ಕಂಪನಿಯ ಹೆಸರು ಎತ್ತಬೇಡ. ಅವರಿಗೆ ಬೇಕಾದದ್ದು ಮೂರು ಜಾಗದ ತಲೆನೋವು ಒಂದೇ ಸಲ ಹೋಗುವುದು. ಅದನ್ನು ನೀನು ಮಾರುತ್ತಿದ್ದೀಯ. ಆಗುವುದಿಲ್ಲ ಎಂದರೆ "ಸರಿ, ಮುಂದಿನ ಸಲ ನೋಡೋಣ" ಎಂದು ಅಲ್ಲಿಗೇ ಬಿಡು.

ಹೀಗೆ ಕೇಳಿದರೂ ಕೈಬಿಡುವವರು ಇರುತ್ತಾರೆ. ಆಗಲೂ ತಡೆಯಲು ನಿನ್ನ ಹತ್ತಿರ ಏನೂ ಇರುವುದಿಲ್ಲ. ಸೇರುವಾಗ ನೀನು ಒಪ್ಪಿದ ಕರಾರು ತೆಗೆದು ನೋಡು. ನೀನು ನೌಕರಳಲ್ಲ, ಸ್ವತಂತ್ರ ಗುತ್ತಿಗೆದಾರಳು ಎಂದು ಬರೆದಿರುತ್ತದೆ. ಇಬ್ಬರಲ್ಲಿ ಯಾರು ಬೇಕಾದರೂ ಯಾವಾಗ ಬೇಕಾದರೂ ಬಿಡಬಹುದು ಎಂದೂ ಇರುತ್ತದೆ. ಕನಿಷ್ಠ ವೇತನ, ನೋಟಿಸ್, ಪರಿಹಾರ ಯಾವುದೂ ಸಾಮಾನ್ಯವಾಗಿ ಅನ್ವಯಿಸುವುದಿಲ್ಲ.

ಎಲ್ಲರೂ ಸೇರಿ ಒಂದೇ ದರ ಕೇಳೋಣ ಎಂದು ನಿನ್ನ ಗೆಳತಿಯರು ಹೇಳುತ್ತಿದ್ದಾರೆ ಎಂದೆ. ಮನಸ್ಸಿಗೆ ಹಿಡಿಸುವ ಮಾತು. ಆದರೆ ನೌಕರರಿಗೆ ಇರುವ ರಕ್ಷಣೆ ಗುತ್ತಿಗೆದಾರರಿಗೆ ಎಲ್ಲ ಕಡೆ ಇಲ್ಲ. ಅಮೆರಿಕದಲ್ಲಿ ಸಂಘ ಕಟ್ಟಿ ಚೌಕಾಸಿ ಮಾಡುವ ಹಕ್ಕು ಕೊಟ್ಟ 1935ರ ಕಾನೂನಿನಿಂದ ಸ್ವತಂತ್ರ ಗುತ್ತಿಗೆದಾರರು ಹೊರಗಿದ್ದಾರೆ. ಅಲ್ಲಿನ ವಾಷಿಂಗ್ಟನ್‌ನಲ್ಲಿ 1983ರಲ್ಲಿ ಬಡ ಆರೋಪಿಗಳ ಪರ ವಾದಿಸುವ ವಕೀಲರು, ಫೀಸು ಏರಿಸುವವರೆಗೆ ಹೊಸ ಕೇಸು ಹಿಡಿಯುವುದಿಲ್ಲ ಎಂದು ಒಟ್ಟಾಗಿ ಕೂತರು. ಫೀಸು ಏರಿತು. ಆದರೆ 1990ರಲ್ಲಿ ಸುಪ್ರೀಂ ಕೋರ್ಟ್ ಅದನ್ನು ಕಾನೂನುಬಾಹಿರವಾಗಿ ಬೆಲೆ ನಿಗದಿ ಮಾಡಿದ ಹಾಗೆ ಎಂದು ತೀರ್ಪು ಕೊಟ್ಟಿತು. ವಕೀಲರಿಗೇ ಈ ಗತಿ ನೋಡು! ಯುರೋಪಿನಲ್ಲಿ ಗಾಳಿ ಬೇರೆ ಕಡೆ ಬೀಸಿದೆ. ಒಬ್ಬರೇ ದುಡಿಯುವ, ಕೈಕೆಳಗೆ ಯಾರೂ ಇಲ್ಲದ ಸ್ವತಂತ್ರ ಕೆಲಸಗಾರರು ಕೆಲವು ಸಂದರ್ಭಗಳಲ್ಲಿ ಒಟ್ಟಾಗಿ ಚೌಕಾಸಿ ಮಾಡಬಹುದು ಎಂದು ಯುರೋಪಿಯನ್ ಕಮಿಷನ್ 2022ರಲ್ಲಿ ಮಾರ್ಗಸೂಚಿ ಹೊರಡಿಸಿತು. ಅಂದರೆ ನೀನಿರುವ ಕಡೆಯ ಕಾನೂನು ತಿಳಿಯದೆ ಒಟ್ಟು ಪತ್ರಕ್ಕೆ ಸಹಿ ಹಾಕಬೇಡ. ಯಾವ ಕಂಪನಿ ದುಡ್ಡು ತಡ ಮಾಡುತ್ತದೆ, ಯಾವುದು ಸುಮ್ಮಸುಮ್ಮನೆ ರಿಪೋರ್ಟ್ ತಿರಸ್ಕರಿಸುತ್ತದೆ ಎಂದು ಗೆಳತಿಯರ ಜೊತೆ ಮಾತಾಡಿಕೋ. ಅಲ್ಲೂ ಯಾವ ಬ್ರ್ಯಾಂಡಿಗೆ ಹೋಗಿದ್ದೆ ಎಂದು ಮಾತ್ರ ಬಾಯಿ ಬಿಡಬೇಡ. ಗೌಪ್ಯತೆಯ ಷರತ್ತು ನಿನ್ನನ್ನು ಕೈಬಿಟ್ಟ ಮೇಲೂ ಜೀವಂತ ಇರುತ್ತದೆ.

ಈಗ ಮಾಡಬೇಕಾದದ್ದು. ಅಕೌಂಟ್ ಮುಚ್ಚಿದ್ದು ಫೀಸಿನ ಕಾರಣಕ್ಕೇ ಎಂದು ಖಚಿತ ಮಾಡಿಕೋ. ತೆರಿಗೆ ಮಾಹಿತಿ ಹಳತಾದರೆ, ಹೊಸ ಕರಾರಿಗೆ ಒಪ್ಪಿಗೆ ಕೊಡದಿದ್ದರೆ ಕೂಡ ಹೀಗಾಗುವುದುಂಟು. ಎರಡು ಸಾಲಿನ ಮೇಲ್ ಕಳಿಸು. ಅಕೌಂಟ್ ಯಾಕೆ ಮುಚ್ಚಿದೆ ತಿಳಿಸಿ, ಒಪ್ಪಿಸಿದ ರಿಪೋರ್ಟುಗಳ ಬಾಕಿ ಯಾವ ದಿನಾಂಕಕ್ಕೆ ಬರುತ್ತದೆ ತಿಳಿಸಿ. ಅಷ್ಟೇ. ಮೊದಲನೆಯದಕ್ಕೆ ಉತ್ತರ ಬರದಿದ್ದರೂ ಎರಡನೆಯದನ್ನು ಬಿಡಬೇಡ. ಅವರು ನಿನ್ನನ್ನು ಬಿಡಬಹುದು, ಮುಗಿಸಿಕೊಟ್ಟ ಕೆಲಸದ ದುಡ್ಡು ಇಟ್ಟುಕೊಳ್ಳುವ ಹಾಗಿಲ್ಲ. ಫೋನಿನಲ್ಲಿರುವ ರಸೀದಿ, ಕೆಲಸ ಒಪ್ಪಿದ ಮೇಲ್, ರಿಪೋರ್ಟ್ ತಲುಪಿದ ಮೇಲ್, ಎಲ್ಲ ಒಂದು ಕಡೆ ಎತ್ತಿಡು.

ತಮ್ಮನ ಹೆಸರಲ್ಲಿ ಇನ್ನೊಂದು ಅಕೌಂಟ್ ತೆರೆಯಲಾ ಎಂದು ಕೊನೆಯಲ್ಲಿ ಮೆಲ್ಲಗೆ ಕೇಳಿದ್ದೀಯ. ಖಂಡಿತ ಬೇಡ. ಇವತ್ತಿನವರೆಗೆ ನೀನು ಮಾಡಿದ ತಪ್ಪು ಯಾವುದೂ ಇಲ್ಲ. ಹಾಗೆ ಮಾಡಿದರೆ ಒಂದು ನಿಜವಾದ ತಪ್ಪು ಅವರ ಕೈಗೆ ಕೊಟ್ಟಂತೆ. ಪಾಪ ಅವನನ್ನು ಇದರಲ್ಲಿ ಎಳೆಯಬೇಡ.

ಬೇರೆ ಏಜೆನ್ಸಿಗಳಿಗೆ ಹೆಸರು ಬರೆಸು. ಒಂದಲ್ಲ, ನಾಲ್ಕೈದು. ಇಷ್ಟು ದಿನ ಒಂದನ್ನೇ ನಂಬಿದ್ದಕ್ಕೆ ಅವರ ಮೌನ ನಿನಗೆ ಇಷ್ಟು ದೊಡ್ಡದಾಗಿ ಕೇಳಿಸಿತು. ಕೆಲಸ ಹಂಚಿಹೋಗಿದ್ದರೆ ಒಬ್ಬರು ಬಿಟ್ಟದ್ದು ಆ ತಿಂಗಳ ಸಣ್ಣ ನಷ್ಟ. ಫೀಸು ಕೇಳುವ ಧೈರ್ಯವೂ ಅಲ್ಲಿಂದಲೇ ಬರುತ್ತದೆ. ಆದರೆ ಅವಸರದಲ್ಲಿ ಸಿಕ್ಕಿದ್ದಕ್ಕೆಲ್ಲ ಹೂಂ ಅನ್ನಬೇಡ. ಮಿಸ್ಟರಿ ಶಾಪಿಂಗ್ ಹೆಸರಿನಲ್ಲಿ ಮೋಸ ಬಹಳ ನಡೆಯುತ್ತದೆ. ಮೊದಲೇ ದೊಡ್ಡ ಮೊತ್ತದ ಚೆಕ್ ಕಳಿಸುತ್ತಾರೆ. ಬ್ಯಾಂಕಿಗೆ ಹಾಕಿ, ನಿನ್ನ ಫೀಸು ಇಟ್ಟುಕೊಂಡು, ಉಳಿದದ್ದಕ್ಕೆ ಗಿಫ್ಟ್ ಕಾರ್ಡ್ ಕೊಂಡು ನಂಬರ್ ಕಳಿಸು ಅನ್ನುತ್ತಾರೆ. ಕೆಲವು ದಿನ ಬಿಟ್ಟು ಚೆಕ್ ನಕಲಿ ಎಂದು ಬ್ಯಾಂಕ್ ಹೇಳುತ್ತದೆ. ಅಷ್ಟೂ ದುಡ್ಡು ನಿನ್ನ ತಲೆಗೆ ಬರುತ್ತದೆ. ಹೆಸರು ಬರೆಸಲು ಶುಲ್ಕ ಕೇಳುವವರನ್ನೂ ಹತ್ತಿರ ಸೇರಿಸಬೇಡ.

ಇನ್ನೊಂದು ಮಾತು, ನೀನು ಒಪ್ಪದಿದ್ದರೂ ಹೇಳುತ್ತೇನೆ. ಈ ಕೆಲಸ ಪಕ್ಕದ ಆದಾಯಕ್ಕೆ ಚೆನ್ನ. ಇದನ್ನೇ ನಂಬಿ ಬಾಡಿಗೆ ಕಟ್ಟುತ್ತೇನೆ ಅನ್ನುವುದು ನನಗೆ ಹಿಡಿಸುವುದಿಲ್ಲ. ನೀನು ಕಲಿತದ್ದು ಸಣ್ಣದಲ್ಲ. ಕಂಡದ್ದನ್ನು ಕಂಡ ಹಾಗೆ, ಗಂಟೆ ನಿಮಿಷದ ಸಮೇತ, ಅಭಿಪ್ರಾಯ ಬೆರೆಸದೆ ಬರೆಯುವುದು ಎಲ್ಲರಿಗೂ ಬರುವುದಿಲ್ಲ. ಗುಣಮಟ್ಟ ತಪಾಸಣೆ, ಆಡಿಟ್, ತರಬೇತಿ ವಿಭಾಗಗಳಲ್ಲಿ ಸಂಬಳ ಕೊಟ್ಟು ಇದನ್ನೇ ಮಾಡಿಸುತ್ತಾರೆ. ಅಂಥ ಒಂದೆರಡು ಕಡೆಯೂ ಅರ್ಜಿ ಹಾಕಿಡು.

ಬಾಕಿ ಇರುವ ಭೇಟಿಗಳ ಪಟ್ಟಿ ಮಾಡಿ ನನಗೆ ಕಳಿಸು. ದಿನಾಂಕ, ಫೀಸು, ನೀನು ಹಾಕಿದ ದುಡ್ಡು, ಮೂರೂ ಬೇರೆ ಬೇರೆ ಕಾಲಮ್ಮಿನಲ್ಲಿ ಇರಲಿ. ಹೊಸ ಏಜೆನ್ಸಿಯ ಕರಾರು ಬಂದರೆ ಒಪ್ಪಿಗೆ ಒತ್ತುವ ಮುಂಚೆ ಅದನ್ನೂ ಕಳಿಸು. ರಿಪೋರ್ಟ್ ತಿರಸ್ಕಾರ ಮಾಡಿದರೆ ಕಾರಣ ಬರೆದು ಕೊಡುತ್ತಾರಾ, ಹಾಕಿದ ದುಡ್ಡು ವಾಪಸ್ ಬರುತ್ತದಾ ಎಂದು ಮೊದಲು ಅದನ್ನೇ ನೋಡೋಣ.

ಇಂತಿ,
ನಿನ್ನ ಸೋದರಮಾವ