ಕಪಾಟಿನ ಕಥೆಪುಸ್ತಕಗಳಿಗೆ ಬಿಡುಗಡೆ ಬೇಕು

ಮಾನ್ಯ ಸಂಪಾದಕರೆ,

ಕಾರವಾರ ತಾಲ್ಲೂಕಿನ ನಮ್ಮೂರಿನ ಪ್ರಾಥಮಿಕ ಶಾಲೆಯಿಂದ ಮೊಮ್ಮಗಳನ್ನು ಕರೆತರಲು ಹೋಗಿದ್ದಾಗ, ಬೀಗ ಹಾಕಿದ ಕಪಾಟಿನ ಗಾಜಿನಾಚೆ ಕಥೆಪುಸ್ತಕಗಳು ಮಳೆಗಾಲದ ತೇವಕ್ಕೆ ಬೂಷ್ಟು ಹಿಡಿದು, ಒಂದರ ರಟ್ಟು ಇನ್ನೊಂದಕ್ಕೆ ಅಂಟಿಕೊಂಡಿರುವುದನ್ನು ಕಂಡೆ. ಮಕ್ಕಳು ಹರಿದಾರೆಂಬ ಭಯಕ್ಕೆ ಬೀಗವಂತೆ. ಆ ಕೆಲಸವನ್ನು ಗೆದ್ದಲು ಹೇಗೂ ಮಾಡುತ್ತದೆ.

ನಮ್ಮ ಕರಾವಳಿಯಲ್ಲಿ ಅನೇಕ ಮಕ್ಕಳ ಮನೆಮಾತು ಕೊಂಕಣಿ. ಅವರಿಗೆ ಕನ್ನಡ ಮೊದಲು ಕಿವಿಗೆ ಬಿದ್ದು, ಆಮೇಲೆ ಕಣ್ಣಿಗೆ ಬೀಳಬೇಕು. ಒಂದರಿಂದ ಮೂರನೆಯ ತರಗತಿಯವರೆಗಿನ ಚಟುವಟಿಕೆಗಳ ಮೂಲಕ ಕಲಿಸುವ ‘ನಲಿ–ಕಲಿ’ ಪದ್ಧತಿಯ ಕಾರ್ಡುಗಳು ಅಕ್ಷರ ಕಲಿಸುತ್ತವೆ, ನಿಜ, ಆದರೆ ‘ಮುಂದೇನಾಯಿತು?’ ಎಂಬ ತವಕ ಹುಟ್ಟುವುದು, ಶಿಕ್ಷಕರು ದಿನಕ್ಕೆ ಹತ್ತು ನಿಮಿಷ ಕಥೆಪುಸ್ತಕ ಹಿಡಿದು, ಸಾಲಿನ ಮೇಲೆ ಬೆರಳಾಡಿಸುತ್ತ ಗಟ್ಟಿಯಾಗಿ ಓದಿ, ಹುಲಿ ಬಾಗಿಲಿಗೆ ಬಂದಲ್ಲಿಗೆ ನಿಲ್ಲಿಸಿದಾಗ. ಆ ಪುಸ್ತಕವನ್ನು ಮಗು ಮನೆಗೆ ಕೇಳಿದರೆ ಕೊಡಬೇಕು. ಮರುದಿನ ಪ್ರಶ್ನೋತ್ತರ ಬರೆಸಬಾರದು.

2020ರಲ್ಲಿ ಆರಂಭವಾದ ‘ಓದುವ ಬೆಳಕು’ ಕಾರ್ಯಕ್ರಮದಡಿ ಗ್ರಾಮ ಪಂಚಾಯಿತಿ ಗ್ರಂಥಾಲಯಗಳಲ್ಲಿ ಮಕ್ಕಳಿಗೆ ಉಚಿತ ಸದಸ್ಯತ್ವವಿದೆ. ವಾರಕ್ಕೊಮ್ಮೆಯಾದರೂ ಮಕ್ಕಳನ್ನು ಅಲ್ಲಿಗೆ ಕರೆದೊಯ್ಯುವಂತೆ ಶಿಕ್ಷಣ ಇಲಾಖೆ ಶಾಲೆಗಳಿಗೆ ಸೂಚಿಸಲಿ.

— ಓದುಗರೊಬ್ಬರು, ಕಾರವಾರ