ಗೆಳೆಯನಿಗೊಂದು ಪತ್ರ: ಝ್ದೆನೋ ಚಾರಾ ಕುರಿತು

ಪ್ರೀತಿಯ ಗೆಳೆಯ,

ಐಸ್ ಹಾಕಿಯಲ್ಲಿ ಡಿಫೆನ್ಸ್ ಆಟಗಾರನೆಂದರೆ ಬರೀ ಮೈಮೇಲೆ ಬಿದ್ದು ಕೆಡವುವವನೇ ಎಂದು ಕೇಳಿದ್ದೆಯಲ್ಲ, ಅದಕ್ಕೆ ಉತ್ತರವಾಗಿ ನಾನು ಬಹಳ ಗೌರವಿಸುವ ಝ್ದೆನೋ ಚಾರಾನ ವಿಷಯವನ್ನೇ ಬರೆಯುತ್ತೇನೆ.

ಚಾರಾ ಹುಟ್ಟಿದ್ದು 1977ರಲ್ಲಿ, ಸ್ಲೊವಾಕಿಯಾದ ಟ್ರೆಂಚಿನ್‌ನಲ್ಲಿ; ಆತನ ತಂದೆ ಒಲಿಂಪಿಕ್ಸ್‌ಗೆ ಹೋಗಿದ್ದ ಕುಸ್ತಿಪಟು. ಮಗ ಆರು ಅಡಿ ಒಂಬತ್ತು ಇಂಚು ಬೆಳೆದ. ಈ ಎತ್ತರಕ್ಕೆ ಬಾಸ್ಕೆಟ್‌ಬಾಲ್ ಸರಿ ಎಂದವರೂ ಇದ್ದರು. 1996ರಲ್ಲಿ ಉತ್ತರ ಅಮೆರಿಕದ ಎನ್‌ಎಚ್‌ಎಲ್ ಲೀಗ್‌ನ ನ್ಯೂಯಾರ್ಕ್ ಐಲ್ಯಾಂಡರ್ಸ್ ತಂಡ ಹೊಸ ಆಟಗಾರರ ಆಯ್ಕೆಯಲ್ಲಿ ಆತನನ್ನು 56ನೆಯವನಾಗಿ ಆರಿಸಿಕೊಂಡು, 2001ರಲ್ಲಿ ಒಟ್ಟಾವಾಕ್ಕೆ ಬಿಟ್ಟುಕೊಟ್ಟಿತು. ಆ ತಂಡ ಕಳೆದುಕೊಂಡದ್ದೇನೆಂಬುದು ಆಮೇಲೆ ಎಲ್ಲರಿಗೂ ತಿಳಿಯಿತು.

ಅಷ್ಟೆತ್ತರದ ಆತನಿಗೆ ಉಳಿದವರಿಗಿರುವ ಮಿತಿಗಿಂತ ಎರಡು ಇಂಚು ಉದ್ದದ ಕೋಲು ಬಳಸಲು ಲೀಗ್ ವಿಶೇಷ ಅನುಮತಿ ನೀಡಿತ್ತು. ಎದುರಾಳಿ ಪಕ್ (ಚೆಂಡಿನ ಬದಲು ಬಳಸುವ ರಬ್ಬರ್ ಬಿಲ್ಲೆ) ತಳ್ಳಿಕೊಂಡು ನುಗ್ಗಿ ಬರುವಾಗ ಚಾರಾ ಅವನಿಗೆ ಮುಖಮಾಡಿ ಹಿಂದಕ್ಕೆ ಜಾರುತ್ತ, ಆ ಕೋಲನ್ನು ಚಾಚಿ ನಡುವಿನ ದಾರಿಯನ್ನು ಮುಚ್ಚಿ, ಅವನನ್ನು ಮೆಲ್ಲಗೆ ಅಂಚಿನ ಹಲಗೆಯ ಕಡೆಗೆ ಒತ್ತಿಬಿಡುತ್ತಿದ್ದ; ಡಿಕ್ಕಿ ಬೇಕಾಗುತ್ತಿದ್ದುದು ಕೊನೆಗೆ, ಕೆಲವೊಮ್ಮೆ ಅದೂ ಬೇಕಿರಲಿಲ್ಲ. 2009ರಲ್ಲಿ ಉತ್ತಮ ಡಿಫೆನ್ಸ್ ಆಟಗಾರನಿಗೆ ಸಲ್ಲುವ ನಾರಿಸ್ ಟ್ರೋಫಿ ದೊರೆತದ್ದು ಈ ಲೆಕ್ಕಾಚಾರಕ್ಕೇ ಎಂದು ನನ್ನ ನಂಬಿಕೆ.

2006ರಿಂದ 2020ರವರೆಗೆ ಆತ ಬಾಸ್ಟನ್ ಬ್ರೂಯಿನ್ಸ್ ತಂಡದ ನಾಯಕನಾಗಿದ್ದ. ಹದಿನೆಂಟರ ಹುಡುಗನನ್ನೂ ನಲವತ್ತರ ಹಿರಿಯನನ್ನೂ ಸಮಾನವಾಗಿ ಕಾಣಬೇಕೆಂದು, ತಂಡದ ಕೋಣೆಯಲ್ಲಿ ಹೊಸಬರನ್ನು 'ರೂಕಿ' ಎಂದು ಕರೆಯುವುದನ್ನೇ ನಿಲ್ಲಿಸಿದ. 2011ರಲ್ಲಿ ಬಾಸ್ಟನ್ 39 ವರ್ಷಗಳ ಬಳಿಕ ಲೀಗ್‌ನ ಚಾಂಪಿಯನ್ ತಂಡಕ್ಕೆ ಸಿಗುವ ಸ್ಟ್ಯಾನ್ಲಿ ಕಪ್ ಗೆದ್ದಿತು. ಅದೇ ವರ್ಷದ ಮಾರ್ಚ್‌ನಲ್ಲಿ, ಮಾಂಟ್ರಿಯಲ್‌ನಲ್ಲಿ ಆತನ ಡಿಕ್ಕಿಗೆ ಎದುರಾಳಿ ಆಟಗಾರ ಮ್ಯಾಕ್ಸ್ ಪಾಚೊರೆಟಿಯ ತಲೆ ಬೆಂಚುಗಳ ನಡುವಿನ ಕಂಬಕ್ಕೆ ಬಡಿದು, ಕತ್ತಿನ ಮೂಳೆ ಬಿರುಕುಬಿಟ್ಟಿತು. ಲೀಗ್ ಚಾರಾನನ್ನು ಅಮಾನತು ಮಾಡಲಿಲ್ಲ. ಬೇಕೆಂದೇ ಮಾಡಿದನೆಂದು ನನಗನ್ನಿಸದಿದ್ದರೂ, ಅಂಥ ಮೈಬಲವಿರುವವನ ಹೊಣೆಯೂ ಅಷ್ಟೇ ದೊಡ್ಡದಿರುವುದರಿಂದ, ಶಿಕ್ಷೆ ಆಗಬೇಕಿತ್ತೆಂದೇ ಈಗಲೂ ಹೇಳುತ್ತೇನೆ.

ಇನ್ನು ಏಳು ಪಂದ್ಯಗಳವರೆಗೂ ಸಾಗಬಹುದಾದ ಸ್ಟ್ಯಾನ್ಲಿ ಕಪ್‌ನ 2019ರ ಫೈನಲ್. ಸೇಂಟ್ ಲೂಯಿಸ್‌ನಲ್ಲಿ ನಡೆದ ನಾಲ್ಕನೇ ಪಂದ್ಯದಲ್ಲಿ ಎದುರಾಳಿಯೊಬ್ಬ ಹೊಡೆದ ಪಕ್ ಚಾರಾನ ಕೋಲಿಗೇ ತಾಗಿ ಮೇಲೆದ್ದು ಬಾಯಿಗೆ ಅಪ್ಪಳಿಸಿತು. ಮಂಜುಗಡ್ಡೆಯ ಮೇಲೆ ರಕ್ತ ತೊಟ್ಟಿಕ್ಕಿತು, ದವಡೆ ಮುರಿದಿತ್ತು. ಆಡುವ ಸ್ಥಿತಿಯಲ್ಲಿರದಿದ್ದರೂ ಮುಖಕವಚ ತೊಟ್ಟು ಮೂರನೇ ಅವಧಿಗೆ ಬೆಂಚಿಗೆ ಮರಳಿದ. ಮೂರು ದಿನಗಳ ನಂತರ ಬಾಸ್ಟನ್‌ನಲ್ಲಿ ನಡೆದ ಐದನೇ ಪಂದ್ಯದ ಆರಂಭಿಕ ಆಟಗಾರರ ಪಟ್ಟಿಯಲ್ಲಿ ಆತನ ಹೆಸರು ಕೂಗಿದಾಗ ಕ್ರೀಡಾಂಗಣವೇ ಎದ್ದುನಿಂತಿತು. ಆಗ ಆತನಿಗೆ 42 ವರ್ಷ. ಉಳಿದ ಮೂರೂ ಪಂದ್ಯಗಳನ್ನು ಆಡಿದ. ಏಳನೆಯದರಲ್ಲಿ ಬಾಸ್ಟನ್ ಸೋತಿತು.

2022ರಲ್ಲಿ ನಿವೃತ್ತನಾಗುವಾಗ ಆತ ಆಡಿದ್ದು 1,680 ಲೀಗ್ ಪಂದ್ಯಗಳು; ಬೇರಾವ ಡಿಫೆನ್ಸ್ ಆಟಗಾರನೂ ಅಲ್ಲಿಯವರೆಗೆ ಅಷ್ಟು ಆಡಿರಲಿಲ್ಲ. ಮರುವರ್ಷ ಬಾಸ್ಟನ್ ಮ್ಯಾರಥಾನ್ ಓಡಿ ಮುಗಿಸಿದ. 2025ರಲ್ಲಿ ಹಾಕಿ ಹಾಲ್ ಆಫ್ ಫೇಮ್ ಆತನನ್ನು ಸೇರಿಸಿಕೊಂಡಿತು. ಬಿಡುವಾದಾಗ ಆ ಐದನೇ ಪಂದ್ಯದ ಮೊದಲ ಕೆಲವು ನಿಮಿಷಗಳನ್ನಾದರೂ ನೋಡು, ಹೇಗನ್ನಿಸಿತೆಂದು ಬರೆ.

ಇಂತಿ ನಿನ್ನ ಗೆಳೆಯ